ಬಾಣಂತಿ ಕೋಣೆಯ ಜಿರೇನಿಯಂ

ಬಾಟನಿಯಲ್ಲಿ ನನಗೆ ಡಿಸ್ಟಿಂಕ್ಷನ್ ಬಂದಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಓದುತ್ತಾ ಹೋದಂತೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ.

ತಾಯಿ ತೀರಿಕೊಂಡ ಮೇಲೆ ನಮ್ಮ ತಂದೆ ನನ್ನನ್ನು ಬೆಂಗಳೂರಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದ್ದರು. ಅಲ್ಲಿ ಸಿಸ್ಟರ್ ಬರ್ನಡೆಟ್ ಎಂಬುವರು ನಮ್ಮನ್ನು ಗಿಡದ ಮುಂದೆ ಸಾಲಾಗಿ ನಿಲ್ಲಿಸಿ, "ಗರ್ಲ್ಸ್, ಫಸ್ಟ್ ಅಬ್ಸರ್ವ್, ದೆನ್ ಓಪನ್ ಯುವರ್ ಮೌತ್!" ಎನ್ನುತ್ತಿದ್ದರು. ನಾನು ಎರಡನೆಯ ಭಾಗವನ್ನು ಮಾತ್ರ ಚೆನ್ನಾಗಿ ಕಲಿತೆ. ಅವರ ವರಾಂಡದ ಉದ್ದಕ್ಕೂ ಕುಂಡಗಳಲ್ಲಿ ಕೆಂಪು ಜಿರೇನಿಯಂ ಇದ್ದವು. ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರೆ ಒಂದು ತರಹ ಒಗರು ವಾಸನೆ. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸದರಲ್ಲಿ ನಮ್ಮವರ ಹತ್ತಿರ ಆ ವರಾಂಡದ ವಿಷಯ ಎಷ್ಟು ಹೇಳಿದ್ದೆನೋ! ಅವರು ತಾಲ್ಲೂಕು ಕಚೇರಿಯ ಗುಮಾಸ್ತರು. ಕಚೇರಿಯಲ್ಲಿ ಎಲ್ಲರ ಮಾತನ್ನೂ ಕೇಳಿಸಿಕೊಂಡು ಯಾವುದಕ್ಕೂ ಉತ್ತರ ಕೊಡದೆ ಇರುವುದು ಅವರ ಕೆಲಸ. ಮನೆಯಲ್ಲೂ ಹಾಗೆಯೇ. ಕೇಳಿಸಿಕೊಂಡಿದ್ದರೆಂದು ನನಗೆ ಗೊತ್ತಾಗಿದ್ದು ಬಹಳ ಆಮೇಲೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಚೊಚ್ಚಲ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ನಾನು ಎಚ್ಚರವಾಗುವಷ್ಟರಲ್ಲಿ ತೆಗೆದುಕೊಂಡು ಹೋಗಿಯಾಗಿತ್ತು. ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ, ಮನೆಯವರು ಹೇಳಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾರೋ ಎಂದು ನನಗೆ ಭಯ. ಹೇಳಿದರೆ ಎಲ್ಲಿ ಅತ್ತುಬಿಡುತ್ತಾಳೋ ಎಂದು ಅವರಿಗೆ ಭಯ. ಹೀಗೆ ಒಬ್ಬರಿಗೊಬ್ಬರು ಹೆದರಿಕೊಂಡು ಮನೆಯಲ್ಲಿ ಎಲ್ಲರೂ ಬಹಳ ಮರ್ಯಾದೆಯಿಂದ ನಡೆದುಕೊಂಡೆವು.

ಆದರೆ ಬಾಣಂತನ ತಪ್ಪಲಿಲ್ಲ.

"ಮಗು ಇಲ್ದಿದ್ರೇನಮ್ಮ, ಮೈ ಹಸಿಮೈ ಅಲ್ವಾ? ಅದಕ್ಕೇನು ಗೊತ್ತಾಗುತ್ತೆ?" ಎಂದರು ನಮ್ಮ ಅತ್ತೆ ಗಂಗಮ್ಮನವರು. ಒಳಕೋಣೆಯ ಕಿಟಕಿಗೆ ಗೋಣಿತಾಟು ಹೊಡೆಸಿದರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಾಲಿಗೆ ನಮ್ಮವರ ಉಲ್ಲನ್ ಸಾಕ್ಸ್. ಮಂಚದ ಕೆಳಗೆ ಕೆಂಡದ ಮಡಕೆ, ಎರಡು ಹೊತ್ತು ಸಾಂಬ್ರಾಣಿ. ತಣ್ಣೀರು ಮುಟ್ಟುವಂತಿಲ್ಲ. ಗಾಳಿ ಸೋಕುವಂತಿಲ್ಲ. ಮೆಣಸು, ಶುಂಠಿ ಹಾಕಿ ಕುದಿಸಿದ ಕಷಾಯವನ್ನು ಕುಡಿಯದೆ ಇರುವಂತಿಲ್ಲ. ನಮ್ಮವರು ಹೊಸ್ತಿಲು ದಾಟುವಂತಿಲ್ಲ!

ಒಂದು ಸಂಜೆ ಅವರು ಚಿಕ್ಕಬಳ್ಳಾಪುರದಿಂದ ರೈಲಿನಲ್ಲಿ ಬಂದು ಹೊಸ್ತಿಲಾಚೆ ನಿಂತರು. ಎರಡೂ ಕೈಯಲ್ಲಿ ಟವೆಲು ಸುತ್ತಿದ ಏನನ್ನೋ ಎದೆಗೆ ಒತ್ತಿ ಹಿಡಿದಿದ್ದರು. ಕತ್ತಲ ಕೋಣೆಯಿಂದ ನೋಡಿದ ನಾನು ಎರಡೂ ಕೈ ಚಾಚಿಬಿಟ್ಟೆ. ಅವರಿಗೂ ಅದು ಹೊಳೆಯಿತೋ ಏನೋ, ಗಾಬರಿಯಾಗಿ ಟವೆಲನ್ನು ಎಳೆದುಬಿಟ್ಟರು.

ಮಣ್ಣಿನ ಕುಂಡ. ಅದರಲ್ಲಿ ಒಂದು ಜಿರೇನಿಯಂ. ಕೆಂಪು ಮೊಗ್ಗು ಬೇರೆ!

"ಯಾವುದೋ ಬಂಗಲೆ ಮಾಲಿ ಹತ್ರ ಕೇಳಿದೆ. ನಿಮ್ ಸಿಸ್ಟರ್ ವರಾಂಡದಲ್ಲಿತ್ತು ಅಂತಿದ್ದೆಯಲ್ಲ, ಅದೇ ಜಾತಿ," ಎಂದರು. ಸ್ವಲ್ಪ ತಡೆದು, "ರೈಲಲ್ಲಿ ಒಬ್ಬ, ಯಾವ ದೇವರಿಗೆ ಸ್ವಾಮಿ ಅಂತ ಕೇಳ್ದ," ಎಂದೂ ಸೇರಿಸಿದರು. ನಮ್ಮ ಮದುವೆಯಲ್ಲಿ ಅವರು ಅದುವರೆಗೆ ಆಡಿದ ಅತಿ ದೀರ್ಘ ಭಾಷಣ ಅದು.

"ಇದನ್ನ ನಾನು ಬದುಕಿಸ್ತೀನಿ," ಎಂದೆ. ಗಿಡ ಆಗ ಸಾಯುತ್ತಿರಲಿಲ್ಲ. ಚೆನ್ನಾಗಿಯೇ ಇತ್ತು! ಆದರೂ ಹಾಗೆ ಅಂದೆ.

ಕುಂಡವನ್ನು ನನ್ನ ತಲೆದೆಸೆಯಲ್ಲಿ ಇಡಲಾಯಿತು. ಬಾಣಂತಿ ಕೋಣೆಗೆ ಬಂದ ಮೇಲೆ ಕೋಣೆಯ ಕಾನೂನು ಎಲ್ಲರಿಗೂ ಒಂದೇ. ನಾನು ತಣ್ಣೀರು ಮುಟ್ಟುವಂತಿಲ್ಲವಾದ್ದರಿಂದ ಗಿಡಕ್ಕೂ ಬಿಸಿನೀರು. ಹಂಡೆಯಿಂದ ತಂದದ್ದು, ಹದವಾಗಿ ಬೆರೆಸಿ, ಮೊಣಕೈ ಅದ್ದಿ ನೋಡಿ, ಎರಡು ಹೊತ್ತೂ ಹಾಕುತ್ತಿದ್ದೆ. ಬೆಳಕಿಲ್ಲ, ಗಾಳಿಯಿಲ್ಲ, ಸಾಂಬ್ರಾಣಿ ಹೊಗೆಯೊಂದು ಸಮೃದ್ಧವಾಗಿತ್ತು. ನನಗೆ ಲವಲೇಶವೂ ಸಂಶಯ ಬರಲಿಲ್ಲ. "ಇಂಗ್ಲೆಂಡಿನಲ್ಲಿ ಇದಕ್ಕೆ ಹಾಟ್ ಹೌಸ್ ಅಂತಾರೆ. ಯೂನಿಫಾರ್ಮ್ ಟೆಂಪರೇಚರ್!" ಎಂದು ಹೊಸ್ತಿಲಾಚೆಯ ಗುಮಾಸ್ತರಿಗೆ ವಿವರಿಸಿದೆ. ಅವರು ಕಡತಕ್ಕೆ ತಲೆಯಾಡಿಸುವಂತೆ ಆಡಿಸಿದರು.

ಮೊಗ್ಗು ಅರಳದೆ ಉದುರಿತು. ಕೆಳಗಿನ ಎಲೆಗಳು ಹಳದಿಯಾದವು.

ನನ್ನ ಡಯಾಗ್ನೋಸಿಸ್ ಸಿದ್ಧವಾಗಿತ್ತು. ನೈಟ್ರೊಜನ್ ಸಾಲದು! ನಮ್ಮದು ರೇಷ್ಮೆ ಹುಳು ಸಾಕುವ ಮನೆ, ಅಂಗಳದಾಚೆ ಹುಳುಮನೆ. ಹುಳುವಿನ ಹಿಕ್ಕೆ, ಅವು ತಿಂದುಬಿಟ್ಟ ಹಿಪ್ಪುನೇರಳೆ ಕಡ್ಡಿ, ಜೊತೆಗೆ ಅಡಿಗೆಮನೆಯಲ್ಲಿ ಹೆಚ್ಚಿ ಬಿಸಾಡಿದ ತರಕಾರಿಯ ಸಿಪ್ಪೆ, ತಿರುಳು, ಬೀಜ ಎಲ್ಲಾ ಬೀದಿಯ ತುದಿಯ ನಮ್ಮ ತಿಪ್ಪೆಯಲ್ಲಿ ಕೊಳೆತು ಒಳ್ಳೆಯ ಗೊಬ್ಬರವಾಗುತ್ತಿತ್ತು. ಅದನ್ನು ತರಿಸಿ ಕುಂಡದ ತುಂಬ ಒತ್ತಿಸಿದೆ. ಗಿಡದ ಕುತ್ತಿಗೆಯವರೆಗೆ ಬಂತು. ಬಿಸಿನೀರು ಬಿದ್ದ ಹಿಕ್ಕೆಯ ವಾಸನೆ ಸಾಂಬ್ರಾಣಿಯನ್ನೂ ಸೋಲಿಸಿತು. ಎಲೆಗಳು ಇನ್ನಷ್ಟು ಹಳದಿಯಾಗಿ ತಲೆ ಬಗ್ಗಿಸಿದವು.

ಅತ್ತೆ ದೀಪ ಹಿಡಿದು ಬಂದು ಗಿಡವನ್ನು ಬಹಳ ಹೊತ್ತು ಪರೀಕ್ಷಿಸಿದರು.

"ಏನೂ ಆಗಿಲ್ಲ ಕಣಮ್ಮ ವಿಮಲಾ, ಇದು ಜ್ವರಕ್ಕೆ ಕೂತದೆ."

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದನ್ನು ಮುಟ್ಟಬಾರದು, ಮೇವು ಹಾಕಬಾರದು. ತಾನಾಗಿಯೇ ಹೊಸ ಚರ್ಮ ತೊಟ್ಟು ಎದ್ದು ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ಅತ್ತೆ ಹುಟ್ಟಿದಾಗಿನಿಂದ ಹುಳು ಸಾಕಿದವರು. ಲೋಕದಲ್ಲಿ ಯಾವ ಜೀವ ಸುಮ್ಮನೆ ಕೂತರೂ ಅವರಿಗೆ ಅದು ಜ್ವರವೇ. ಅವರ ಧೈರ್ಯ ನೋಡಿ ನನಗೂ ಧೈರ್ಯ ಬಂತು. ಗಿಡಕ್ಕೆ ಉಪವಾಸ ಶುರುವಾಯಿತು. ಯಾರೂ ಮುಟ್ಟಲಿಲ್ಲ, ಯಾರೂ ಮಾತಾಡಿಸಲಿಲ್ಲ. ನನ್ನನ್ನೂ ಅಷ್ಟೇ.

ಮಣ್ಣು ಬಿರುಕು ಬಿಟ್ಟಿತು. ಗಿಡ ಜ್ವರದಿಂದ ಏಳಲಿಲ್ಲ.

ಪ್ರತಿ ಸಂಜೆ ನಮ್ಮವರು ಕಚೇರಿಯಿಂದ ಬಂದು ಹೊಸ್ತಿಲಾಚೆ ನಿಲ್ಲುತ್ತಿದ್ದರು.

"ಗಿಡ ಹೇಗಿದೆ?"

"ಪರವಾಗಿಲ್ಲ."

"ಊಟ ಮಾಡ್ತಾ?"

"ಸ್ವಲ್ಪ."

ಕೇಳಿದ್ದು ಗಿಡದ ವಿಷಯವೇ, ಅನುಮಾನ ಬೇಡ. ಗಿಡದ ವಿಷಯ ಬಿಟ್ಟರೆ ನಾವಿಬ್ಬರೂ ಆಡಬಹುದಾದ ಮಾತೇ ಆ ಮನೆಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಆ ಗಿಡ ಬದುಕಲೇಬೇಕಿತ್ತು.

ಪಕ್ಕದ ಮನೆಯ ಖುರ್ಷೀದ್ ಬೀ ನನ್ನನ್ನು ನೋಡಲು ಬಂದರು. ಅವರ ಮನೆಯಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ. ಬಿಸಿನೀರಿನ ಹಬೆಗೆ ಅವರ ಬೆರಳ ತುದಿಗಳು ಯಾವಾಗಲೂ ನೆನೆದ ಹಾಗೆ ಬಿಳಿಚಿಕೊಂಡಿರುತ್ತಿದ್ದವು. ಗಿಡ ನೋಡಿ ಕೆನ್ನೆಗೆ ಕೈ ಹಚ್ಚಿದರು.

"ಹಾಯ್ ಅಲ್ಲಾ! ನಜರ್ ಆಗೈತೆ ಗಂಗಮ್ಮಕ್ಕ. ರೈಲಲ್ಲಿ ಮುಚ್ಚದೆ ತಂದವ್ರಾ ಏನು? ಮುರುಗಮಲ್ಲ ದರ್ಗಾದ ದಾರ ತಂದೀನಿ. ವಿಮಲಮ್ಮಂಗೆ ಅಂತ ತಂದಿದ್ದು. ಅರ್ಧ ಇದಕ್ಕೂ ಕಟ್ಟಾನ."

ದಾರವನ್ನು ಎರಡು ಮಾಡಿ ಒಂದನ್ನು ನನ್ನ ತೋಳಿಗೆ, ಇನ್ನೊಂದನ್ನು ಜಿರೇನಿಯಂ ಕುತ್ತಿಗೆಗೆ ಕಟ್ಟಿದರು. ನೂಲಿನವರ ಕೈ, ಗಂಟು ಭದ್ರವಾಗಿತ್ತು. ಕಾಂಡ ಬಗ್ಗಿತು.

ದೃಷ್ಟಿಯ ಮಾತು ಬಂದ ಮೇಲೆ ಅತ್ತೆ ಸುಮ್ಮನಿದ್ದಾರೆಯೇ? ಒಣಮೆಣಸಿನಕಾಯಿ ತಂದು ಗಿಡಕ್ಕೆ ಇಳಿ ತೆಗೆದು ಕೆಂಡಕ್ಕೆ ಹಾಕಲು ಹೊರಟರು. ಹೊಗೆ ಹುಳುಮನೆಗೆ ಹೋದರೆ ಹುಳುಗಳು ಕೆಡುತ್ತವೆಂದು ಮೊದಲು ಬಾಗಿಲು ಹಾಕಿ, ಸಂದಿಗೆಲ್ಲಾ ಒದ್ದೆ ಗೋಣಿ ಒತ್ತಿದರು. ಹುಳುಗಳು ಸುರಕ್ಷಿತ! ಒಳಗಿದ್ದವರು ನಾವು ಮೂವರು ಹೆಂಗಸರು ಮತ್ತು ಜಿರೇನಿಯಂ.

ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲವಂತೆ. ಬಂತು. ಅದು ಬಂದ ರೀತಿಯನ್ನು ನಾನು ಈ ವಯಸ್ಸಿನಲ್ಲೂ ಮರೆತಿಲ್ಲ. ಅತ್ತೆ ಕೆಮ್ಮುತ್ತಾ ತೆಲುಗಿಗೆ ತಿರುಗಿದರು. ಅವರ ತೌರು ಆಂಧ್ರದ ಗಡಿ ಕಡೆ, ಜೀವಕ್ಕೆ ಬಂದಾಗ ಮಾತ್ರ ತೆಲುಗು ಬರುತ್ತಿತ್ತು. ಖುರ್ಷೀದ್ ಬೀ ಉರ್ದುವಿನಲ್ಲಿ ದೇವರನ್ನು ಕರೆದರು. ನಾನು ಕಾನ್ವೆಂಟಿನ ಅಭ್ಯಾಸದಿಂದ "ಎಕ್ಸ್‌ಕ್ಯೂಸ್ ಮಿ" ಎಂದು ಪ್ರತಿ ಸೀನಿಗೂ ಕ್ಷಮೆ ಕೇಳುತ್ತಿದ್ದೆ. ಒದ್ದೆ ಗೋಣಿ ಕಿತ್ತು ಹೊರಗೆ ಮುಖ ಹಾಕಿದ ಅತ್ತೆ, ಕಣ್ಣೀರು ಒರೆಸಿಕೊಂಡು ತೀರ್ಪು ಕೊಟ್ಟರು: "ದೃಷ್ಟಿ ಆಗಿಲ್ಲ!"

ಗಿಡ ಮಾತ್ರ ಉಳಿದ ಎಲೆಗಳಲ್ಲಿ ಬಹುಪಾಲನ್ನು ಅಲ್ಲೇ ಉದುರಿಸಿತು.

ಇನ್ನು ಇವರನ್ನು ನಂಬಿ ಪ್ರಯೋಜನವಿಲ್ಲ, ಸೈಂಟಿಫಿಕ್ ಆಗಿ ಹೋಗಬೇಕೆಂದು ನಿಶ್ಚಯಿಸಿದೆ. ಸಿಸ್ಟರ್ ಬರ್ನಡೆಟ್ ಹೂದಾನಿಯ ನೀರಿಗೆ ಆಸ್ಪಿರಿನ್ ಹಾಕುತ್ತಿದ್ದದ್ದು ನೆನಪಾಯಿತು. ಅದು ಕಿತ್ತ ಹೂವಿಗೆ, ಬೇರಿರುವ ಗಿಡಕ್ಕಲ್ಲ ಎಂಬುದು ನೆನಪಾಗಲಿಲ್ಲ. ನಮ್ಮವರು ತಲೆನೋವಿಗೆ ಇಟ್ಟುಕೊಂಡಿದ್ದ ಮಾತ್ರೆಗಳೆಲ್ಲ ಕುಂಡ ಸೇರಿದವು. ಅದು ಸಾಲದೆಂದು ನನಗೆ ಕೊಡುತ್ತಿದ್ದ ಕಷಾಯವನ್ನೂ ಟಾನಿಕ್ ಎಂಬ ಹೆಸರಿನಲ್ಲಿ ಅದಕ್ಕೇ ಸುರಿಯತೊಡಗಿದೆ. ಇದರಲ್ಲಿ ಸೈನ್ಸಿಗಿಂತ ಸ್ವಾರ್ಥ ಹೆಚ್ಚು. ಆ ಕಷಾಯ ನೀವು ಕುಡಿದಿಲ್ಲ!

ಅತ್ತೆ ಒಂದು ದಿನ ಕುಂಡಕ್ಕೆ ಮೂಗಿಟ್ಟರು. ಮೆಣಸು, ಶುಂಠಿ ಘಮಘಮ.

"ಏನಮ್ಮಾ ಇಂಗ್ಲೀಷಮ್ಮ, ನಿನಗೆ ಮಾಡ್ತಿದ್ದ ಬಾಣಂತನ ಇದಕ್ಕೆ ಮಾಡ್ತಿದ್ದೀಯಾ?"

"ಇಬ್ರಿಗೂ ಮಾಡ್ತಿದ್ದೀನಿ ಅತ್ತೆ."

"ಇಬ್ರೂ ಏಳ್ತಾ ಇಲ್ವಲ್ಲೇ," ಎಂದರು. ಬೈಗುಳದಂತೆ ಶುರುವಾದ ಮಾತು ಕೊನೆಗೆ ಬರುವಾಗ ಧ್ವನಿ ಇಳಿದುಹೋಗಿತ್ತು. ಸೆರಗಿನಿಂದ ಕುಂಡದ ಅಂಚು ಒರೆಸಿ ಎದ್ದು ಹೋದರು.

ಕೊನೆಯ ಎಲೆಯೂ ಬಿದ್ದ ಮೇಲೆ ಉಳಿದದ್ದು ಕುತ್ತಿಗೆಗೆ ಕಪ್ಪು ದಾರ ಕಟ್ಟಿಕೊಂಡ ಒಂದು ಕಡ್ಡಿ. ಆ ಸಂಜೆ ನಮ್ಮವರು "ಗಿಡ ಹೇಗಿದೆ?" ಎಂದಾಗ ನಾನು ಗೋಡೆಯ ಕಡೆ ತಿರುಗಿಕೊಂಡೆ. ಊಟ ಬೇಡವೆಂದೆ. ಮಾರನೆಯ ದಿನವೂ ಬೇಡವೆಂದೆ. ಆ ಕಡ್ಡಿಯನ್ನೇ ನೋಡುತ್ತಾ ಮಲಗಿದ್ದೆ. ಫಸ್ಟ್ ಅಬ್ಸರ್ವ್!

ಭಾನುವಾರ ಮಧ್ಯಾಹ್ನ. ಜೊಂಪು ಹತ್ತಿತ್ತು. ಎದ್ದು ನೋಡಿದರೆ ತಲೆದೆಸೆ ಖಾಲಿ. ನೆಲದ ಮೇಲೆ ಕುಂಡದ ತಳದ ಗುಂಡು ಗುರುತು ಮಾತ್ರ.

"ಅತ್ತೆ! ಎಲ್ಲಿ?"

ಅತ್ತೆ ಬಾಗಿಲಿಗೆ ಬಂದರು. "ಅವನು ತಗೊಂಡ್ಹೋದ ಕಣಮ್ಮ. ನೀನು ಮಲಗಿದ್ದೆ, ಎಬ್ಬಿಸೋದು ಬೇಡ ಅಂತ..."

ಆವತ್ತೂ ಇದೇ ಮಾತು ಹೇಳಿದ್ದರು. ಇದೇ ಬಾಗಿಲಲ್ಲಿ ನಿಂತು.

ನಾನು ಓಡಿದೆ. ತಲೆಗೆ ಬಟ್ಟೆ, ಕಿವಿಯಲ್ಲಿ ಹತ್ತಿ, ಕಾಲಲ್ಲಿ ಗಂಡನ ಸಾಕ್ಸ್. ಹಸಿ ಬಾಣಂತಿ, ದೊಡ್ಡಮನೆಯ ಸೊಸೆ, ಕಾನ್ವೆಂಟಿನಲ್ಲಿ ತಲೆಯ ಮೇಲೆ ಪುಸ್ತಕವಿಟ್ಟುಕೊಂಡು ನಡಿಗೆ ಕಲಿತವಳು, ನಟ್ಟ ನಡುಮಧ್ಯಾಹ್ನ ಬೀದಿಯಲ್ಲಿ ದಡದಡ ಓಡಿದೆ! ಜಗಲಿಗಳ ಮೇಲಿದ್ದವರೆಲ್ಲ ಎದ್ದು ನಿಂತರು. ಹಿಪ್ಪುನೇರಳೆ ಸೊಪ್ಪಿನ ಗಾಡಿಯೊಂದು ದಾರಿ ಬಿಟ್ಟಿತು. ಬಿಸಿಲು ಕಣ್ಣಿಗೆ ಹೊಡೆದು ಏನೂ ಕಾಣದೆ ನೇರ ತಿಪ್ಪೆಯ ಮೇಲೆ ಹೋಗಿ ಬಿದ್ದೆ.

ಹಾಗೆ ಬಿದ್ದದ್ದರಿಂದಲೇ ಸಿಕ್ಕಿತು. ಕುಂಡ ಒಡೆದಿತ್ತು. ಕಡ್ಡಿಯನ್ನು ಮಣ್ಣಿನ ಹೆಂಟೆಯ ಸಮೇತ ಸೆರಗಿನಲ್ಲಿ ಹಾಕಿಕೊಂಡು ತಿಪ್ಪೆಯ ಮೇಲೆಯೇ ಕೂತೆ. ಆಮೇಲೆ ಬಾಯಿ ತೆರೆದು ಗೊಳೋ ಎಂದು ಅತ್ತುಬಿಟ್ಟೆ. ಬೋರ್ಡಿಂಗಿನಲ್ಲಿ ದಿಂಬು ಕಚ್ಚಿ ಸದ್ದಿಲ್ಲದೆ ಅಳುವುದನ್ನು ಕಲಿತವಳು ಆವತ್ತು ಕಲಿತದ್ದನ್ನೆಲ್ಲ ಮರೆತೆ.

ಖುರ್ಷೀದ್ ಬೀ ಒದ್ದೆ ಕೈಯಲ್ಲೇ ಓಡಿ ಬಂದರು. "ಅಯ್ಯೋ ಬೇಟಿ, ಒಂದ್ ಗಿಡಕ್ಕೆ ಇಷ್ಟೊಂದಾ? ನಾನು ಹತ್ತು ತರಿಸ್ಕೊಡ್ತೀನಿ."

"ಸುಮ್ನಿರು ಖುರ್ಷೀದಾ. ಗಿಡಕ್ಕಲ್ಲ," ಎಂದರು ಅತ್ತೆ. ಅವರೂ ಹಿಂದೆಯೇ ಓಡಿ ಬಂದಿದ್ದರು, ಏದುಸಿರು. ತಿಪ್ಪೆಯ ಮೇಲೆ, ಮಡಿಸೀರೆಯಲ್ಲಿ, ನನ್ನ ಪಕ್ಕ ಕೂತುಬಿಟ್ಟರು. ನನ್ನ ತಲೆಯನ್ನು ಎದೆಗೆ ಎಳೆದುಕೊಂಡು, "ಏಡ್ಚೇಯ್ ತಲ್ಲೀ, ಏಡ್ಚೇಯ್," ಎಂದರು. ಅತ್ತುಬಿಡು ತಾಯಿ, ಅತ್ತುಬಿಡು.

ಬಹಳ ಹೊತ್ತಾದ ಮೇಲೆ ಕನ್ನಡದಲ್ಲಿ, ನನ್ನ ಕಿವಿಯ ಹತ್ತಿ ತೆಗೆದು, ಹೇಳಿದರು.

"ಹೆಣ್ಣು ಕಣಮ್ಮ. ತಲೆ ತುಂಬ ಕೂದಲು. ನಿಂದೇ ಮೂಗು. ಸ್ನಾನ ಮಾಡಿಸಿ, ನನ್ನ ಹಳೇ ರೇಷ್ಮೆ ಸೀರೆ ಹರಿದು ಸುತ್ತಿ ಕಳಿಸ್ದೆ. ಬರಿ ಬಟ್ಟೇಲಿ ಕಳಿಸ್ಲಿಲ್ಲ."

ನಮ್ಮವರು ಸ್ವಲ್ಪ ದೂರದಲ್ಲಿ ನಿಂತಿದ್ದರು. ಒಡೆದ ಕುಂಡದ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದರು, ಅದೇ ಟವೆಲ್ಲಿಗೆ. "ನೀನು ಊಟ ಬಿಟ್ಟಿದ್ದೆ. ಅದು ಕಣ್ಣಿಗೆ ಬೀಳದಿದ್ರೆ ಉಣ್ತೀಯೇನೋ ಅಂತ..." ಎಂದರು. ಬೀದಿಯವರು ಇದು ದೊಡ್ಡವರ ಮನೆಯ ಹೊಸ ಸಂಪ್ರದಾಯವಿರಬೇಕೆಂದುಕೊಂಡು ಒಬ್ಬೊಬ್ಬರೇ ಒಳಗೆ ಹೋದರು.

ಒಮ್ಮೆ ಗಾಳಿ ಸೋಕಿದ ಬಾಣಂತಿಯನ್ನು ಮತ್ತೆ ಮುಚ್ಚಿಟ್ಟು ಫಲವೇನು? ಕಿಟಕಿಯ ಗೋಣಿ ತೆಗೆದರು. ಕಡ್ಡಿಯನ್ನು ಸೀಮೆಣ್ಣೆಯ ಹಳೇ ಡಬ್ಬದಲ್ಲಿ ತಿಪ್ಪೆಯ ಮಣ್ಣು ತುಂಬಿ ನೆಟ್ಟು ಅಂಗಳದಲ್ಲಿ ಇಟ್ಟೆ. ಬೆಳಿಗ್ಗೆ ಬಿಸಿಲಿಗೆ ನಾನೂ ಅದರ ಪಕ್ಕ ಕೂರುತ್ತಿದ್ದೆ. ತಣ್ಣೀರು ಹಾಕುತ್ತಿದ್ದೆ.

ಮತ್ತು, ನಂಬಿ, ಅದು ಚಿಗುರಿತು!

ಕಡ್ಡಿಯ ಬುಡದಲ್ಲಿ ದುಂಡನೆಯ, ಸಣ್ಣ ರೋಮವಿದ್ದ ಎಲೆ. ಜಿರೇನಿಯಂ ಎಲೆ ದುಂಡಗೆ ರೋಮ ರೋಮವಾಗಿಯೇ ಇರುತ್ತದೆ. ನಾನು ಮನೆಯವರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿ ಲೆಕ್ಚರ್ ಕೊಟ್ಟೆ. "ಇದಕ್ಕೆ ರೀಜನರೇಷನ್ ಅಂತಾರೆ. ಆಸ್ಪಿರಿನ್ ಎಫೆಕ್ಟ್ ಸ್ವಲ್ಪ ತಡವಾಗಿ ಆಗಿದೆ." ಅತ್ತೆ ನಮ್ಮವರ ಮುಖ ನೋಡಿದರು. ನಮ್ಮವರು ಆಕಾಶ ನೋಡಿದರು. ಖುರ್ಷೀದ್ ಬೀ ಏನೋ ಹೇಳಲು ಬಾಯಿ ತೆರೆದವರು, ಅತ್ತೆ ಕಾಲು ತುಳಿದದ್ದರಿಂದ, "ದರ್ಗಾ ದಾರದ ಶಕ್ತಿ," ಎಂದು ಮುಗಿಸಿದರು.

ಎಲೆಗಳು ಅಂಗೈಯಷ್ಟಾದವು. ಎಲೆಯ ಮೇಲೆ ಬಿಳಿ ಮಚ್ಚೆ ಬಂದಾಗ "ವೇರಿಯೆಗೇಟೆಡ್" ಎಂದೆ. ನುಲಿದ ಬಳ್ಳಿಕುಡಿ ಬಂದು ಒಣ ಕಡ್ಡಿಯನ್ನೇ ಸುತ್ತಿಕೊಂಡು ಮೇಲೇರಿದಾಗ "ಕ್ಲೈಂಬಿಂಗ್ ಜಿರೇನಿಯಂ, ಬಹಳ ರೇರ್," ಎಂದೆ. ಹಳದಿ ಹೂ ಬಿಟ್ಟಿತು. ಕೆಂಪು ಬರಬೇಕಿತ್ತಲ್ಲ? ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ "ಹೈಬ್ರಿಡ್" ಎಂದು ಘೋಷಿಸಿದೆ. ಮನೆಯವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಅಷ್ಟು ಒಳ್ಳೆಯ ವಿದ್ಯಾರ್ಥಿಗಳು ಯಾವ ಸಿಸ್ಟರಿಗೂ ಸಿಕ್ಕಿರಲಾರರು.

ಆಮೇಲೆ ಅದು ಹೆಂಚಿನ ಮೇಲೆ ಹಬ್ಬಿತು. ಒಂದು ದಿನ ಅತ್ತೆ ಏಣಿ ಹಾಕಿಸಿ, ಹತ್ತಿ, ನನ್ನ ಹೈಬ್ರಿಡ್ ಜಿರೇನಿಯಂ ಬಿಟ್ಟ ಕಾಯನ್ನು ಎರಡೂ ತೋಳಲ್ಲಿ ಹೊತ್ತು ಇಳಿದು ನನ್ನ ಮಡಿಲಿಗೆ ಇಟ್ಟರು.

ಭರ್ತಿ ಸಿಹಿಗುಂಬಳ!

"ಏನಮ್ಮ ವಿಮಲಾ, ನಿನ್ನ ಜಿರೇನಿಯಮ್ಮನ್ನ ಹುಳಿಗೆ ಹಾಕ್ಲಾ, ಪಲ್ಯ ಮಾಡ್ಲಾ?"

ತಿಪ್ಪೆಗೆ ಬಿಸಾಡಿದ ಬೀಜ, ತಿಪ್ಪೆಯ ಮಣ್ಣು. ಇದನ್ನು ಕಂಡುಹಿಡಿಯಲು ಡಿಸ್ಟಿಂಕ್ಷನ್ ಬೇಕಿರಲಿಲ್ಲ. ಡಿಸ್ಟಿಂಕ್ಷನ್ ಇಲ್ಲದಿದ್ದರೆ ಸಾಕಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಎರಡೆಲೆ ಇದ್ದಾಗ್ಲೇ."

"ಯಾಕೆ ಹೇಳ್ಲಿಲ್ಲ?"

"ದಿನಾ ಎದ್ದು ಬಿಸಿಲಿಗೆ ಬಂದು ಕೂತ್ಕೋತಿದ್ದೆಯಲ್ಲ," ಎಂದರು ಅತ್ತೆ, ಕಾಯಿಗೆ ಅಂಟಿದ್ದ ಧೂಳು ಒರೆಸುತ್ತಾ. "ಕುಂಬಳ ಅಂದ್ರೆ ಎಲ್ಲಿ ಒಳಗೆ ಹೋಗ್ಬಿಡ್ತೀಯೋ ಅಂತ."

ಕಾಯಿ ಭಾರವಾಗಿತ್ತು. ಬಿಸಿಲಿಗೆ ಬೆಚ್ಚಗಾಗಿತ್ತು. ನಾನು ಅದನ್ನು ಕೂಡಲೇ ಕೆಳಗಿಡಲಿಲ್ಲ. ಯಾರೂ ಇಡು ಎನ್ನಲೂ ಇಲ್ಲ.

ಮುಂದೆ ನಮಗೆ ಇಬ್ಬರು ಗಂಡುಮಕ್ಕಳಾದರು. ಹೆಣ್ಣಾಗಲಿಲ್ಲ. ಅತ್ತೆ ಹೋದರು, ಖುರ್ಷೀದ್ ಬೀ ಹೋದರು, ನಮ್ಮವರೂ ಹೋದರು. ಆ ಮಗುವಿನ ಮೂಗು ಹೇಗಿತ್ತು ಎಂದು ನೋಡಿದವರು ಈಗ ಯಾರೂ ಇಲ್ಲ. ಕನ್ನಡಿಯಲ್ಲಿ ನನ್ನದನ್ನು ನೋಡಿಕೊಂಡರೆ ಅಂದಾಜು ಸಿಗುತ್ತದೆ.

ಆ ದಿನ ಕುಂಬಳದ ಹುಳಿಯಾಯಿತು. ಅರ್ಧ ಕಾಯಿ ಖುರ್ಷೀದ್ ಬೀ ಮನೆಗೆ ಹೋಯಿತು, ದಾರದ ಪಾಲು. ಸಂಜೆ ನಮ್ಮವರು ಎಲೆಯ ಮುಂದೆ ಕೂತು, ಎರಡು ತುತ್ತು ಉಂಡು, ಅಭ್ಯಾಸಬಲದಿಂದ ನನ್ನ ಕಡೆ ನೋಡಿದರು.

"ಗಿಡ ಹೇಗಿದೆ?"

ಬಾಟನಿಯಲ್ಲಿ ಡಿಸ್ಟಿಂಕ್ಷನ್ ಪಡೆದ ನಾನು ಇನ್ನೊಂದು ಸೌಟು ಬಡಿಸಿಕೊಂಡು, ಚೆನ್ನಾಗಿ ಅಬ್ಸರ್ವ್ ಮಾಡಿ, ಆಮೇಲೆಯೇ ಬಾಯಿ ತೆರೆದೆ.

"ಉಪ್ಪು ಒಂಚೂರು ಕಮ್ಮಿ!"